ಸ್ಪೆಕ್ಟ್ರಂ ಕೊಳ್ಳುವ ಮುಂಚೆ: ಯಾವ ಕಾಗದ ಕೇಳಬೇಕು, ಯಾವ ಊರಲ್ಲಿ ಅಳೆಯಬೇಕು

ದಾವಣಗೆರೆಯಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಡ್ಯೂ ಡಿಲಿಜೆನ್ಸ್ (ಕೊಳ್ಳುವ ಮುಂಚಿನ ಪರಿಶೀಲನೆ) ತಂಡ ಸೇರುವ ಹುಡುಗ ಹುಡುಗಿಯರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮೇಜಿನ ಮೇಲೆ ಟೆಲಿಕಾಂ ಫೈಲ್ ಬಂದು ಕೂತಿದೆ, ಎಲ್ಲಿಂದ ಹಿಡಿಯಬೇಕೋ ಗೊತ್ತಾಗುತ್ತಿಲ್ಲ. ನಾನು ಇಲ್ಲಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಕೆಲವು ವರ್ಷ ಟವರ್ ಹತ್ತಿ ಇಳಿದು, ಆಮೇಲೆ ವಕೀಲರ ಪಕ್ಕ ಕೂತು ಸ್ಪೆಕ್ಟ್ರಂ (ಮೊಬೈಲ್ ಸೇವೆಗೆ ಸರ್ಕಾರ ಕೊಡುವ ರೇಡಿಯೋ ತರಂಗಾಂತರದ ಹಕ್ಕು) ಕಡತ ಓದುವ ಕೆಲಸಕ್ಕೆ ಬಿದ್ದವಳು. ಈಗ ವಿದ್ಯಾನಗರದ ಮನೆಯಿಂದಲೇ ಆ ಕೆಲಸ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ. ನನ್ನ ಕ್ರಮ ಇಷ್ಟೇ: ಮೊದಲು ಹುಟ್ಟು, ಆಮೇಲೆ ಬಾಕಿ, ಆಮೇಲೆ ಅಳತೆ. ಬೆಲೆಯ ಮಾತು ಎಲ್ಲದರ ಕೊನೆಗೆ. ಹೆಚ್ಚಿನ ತಂಡಗಳು ಎಕ್ಸೆಲ್ ತೆರೆದು ಬೆಲೆಯಿಂದಲೇ ಶುರು ಮಾಡುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ.

ಕೊಳ್ಳಲು ಯಾರಿಗೆ ಬರುತ್ತದೆ

ದುಡ್ಡಿದ್ದವರೆಲ್ಲ ಸ್ಪೆಕ್ಟ್ರಂ ಕೊಳ್ಳಲು ಬರುವುದಿಲ್ಲ. ನಮ್ಮ ದೇಶದಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಅದೇ ಸರ್ಕಲ್‌ನಲ್ಲಿ ಆಕ್ಸೆಸ್ ಸೇವೆಯ, ಅಂದರೆ ಗ್ರಾಹಕರಿಗೆ ಫೋನ್ ಸೇವೆ ಕೊಡುವ, ಲೈಸೆನ್ಸ್ ಇರಬೇಕು. ಸರ್ಕಲ್ ಅಂದರೆ ಟೆಲಿಕಾಂ ಲೈಸೆನ್ಸ್‌ಗಾಗಿ ದೇಶವನ್ನು ಹಂಚಿದ ವಲಯ. ಈ ವ್ಯಾಪಾರಕ್ಕೆ ದಾರಿ ತೆರೆದದ್ದು ದೂರಸಂಪರ್ಕ ಇಲಾಖೆ 2015ರ ಅಕ್ಟೋಬರ್ 12ರಂದು ಹೊರಡಿಸಿದ ಮಾರ್ಗಸೂಚಿ. ಅದರ ಪ್ರಕಾರ ಮಾರಾಟ ಅಂದರೆ ಪೂರ್ತಿ ಹಸ್ತಾಂತರ, ಅದೂ ಇಡೀ ಸರ್ಕಲ್‌ಗೆ. ಕರ್ನಾಟಕ ಒಂದೇ ಸರ್ಕಲ್. ದಾವಣಗೆರೆ, ಚಿತ್ರದುರ್ಗ ಎರಡೇ ಜಿಲ್ಲೆಯ ತುಂಡು ಕತ್ತರಿಸಿ ಕೊಡಿ ಅಂದರೆ ಯಾರೂ ಕೊಡುವಂತಿಲ್ಲ. ಫ್ಯಾಕ್ಟರಿ ಆವರಣಕ್ಕೆ ಖಾಸಗಿ ನೆಟ್‌ವರ್ಕ್ ಬೇಕು ಅನ್ನುವವರ ದಾರಿ ಬೇರೆ. ಅವರಿಗೆ 2022ರ ಜೂನ್‌ನಲ್ಲಿ ಬಂದ ಪ್ರತ್ಯೇಕ ಮಾರ್ಗಸೂಚಿ ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಇನ್ನೊಂದು ಮಾತು. 2023ರ ದೂರಸಂಪರ್ಕ ಕಾಯ್ದೆ ಹಳೆಯ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳ ಜಾಗಕ್ಕೆ ಬಂದಿದೆ. ಅದರ ಕೆಳಗಿನ ನಿಯಮಗಳು ಹಂತಹಂತವಾಗಿ ಹೊರಬೀಳುತ್ತಿರುವುದರಿಂದ, ನಿಮ್ಮ ವರದಿಯ ಮೊದಲ ಪುಟದಲ್ಲೇ ‘ಈ ದಿನಾಂಕಕ್ಕೆ ಜಾರಿಯಲ್ಲಿದ್ದ ನಿಯಮ ಇವು’ ಎಂದು ಬರೆದು ಅವುಗಳ ಪ್ರತಿ ಲಗತ್ತಿಸಿ. ಬಳಸದೆ ಸುಮ್ಮನೆ ಇಟ್ಟ ಸ್ಪೆಕ್ಟ್ರಂ ವಾಪಸ್ ತೆಗೆದುಕೊಳ್ಳುವ ಅಧಿಕಾರವೂ ಈ ಕಾಯ್ದೆಯಲ್ಲಿ ಸರ್ಕಾರಕ್ಕಿದೆ. ಹಾಗಾಗಿ ‘ನಮ್ಮದು ಯಾರೂ ಮುಟ್ಟದ ಬ್ಲಾಕ್’ (ಬ್ಲಾಕ್ ಅಂದರೆ ಸ್ಪೆಕ್ಟ್ರಂನ ಒಂದು ತುಂಡು) ಎಂದು ಮಾರುವವನು ಹೆಮ್ಮೆಯಿಂದ ಹೇಳಿದರೆ, ಯಾಕೆ ಮುಟ್ಟಿಲ್ಲ ಎಂದು ಲಿಖಿತ ಉತ್ತರ ಕೇಳಿ.

ಹುಟ್ಟು

ಪ್ರತಿ ಬ್ಲಾಕ್‌ಗೂ ಒಂದು ಹುಟ್ಟಿನ ಕಥೆ ಇರುತ್ತದೆ: ಹರಾಜಿನಲ್ಲಿ ಬಂದದ್ದೋ, ಹಳೇ ಲೈಸೆನ್ಸ್ ಜೊತೆ ಸರ್ಕಾರ ಹಂಚಿದ್ದೋ, ಇನ್ನೊಬ್ಬರಿಂದ ಕೊಂಡದ್ದೋ. 2010 ಮತ್ತು ಆಮೇಲಿನ ಹರಾಜಿನಲ್ಲಿ ಬಂದದ್ದಾದರೆ ಮಾರಬಹುದು. ಹಳೇ ಹಂಚಿಕೆಯದಾದರೆ ಮಾರುಕಟ್ಟೆ ಬೆಲೆ ಕಟ್ಟಿ ಅದನ್ನು ಮಾರುವ ಯೋಗ್ಯತೆಗೆ ತಂದಿರಬೇಕು. ಕಟ್ಟಿದ್ದಕ್ಕೆ ಚಲನ್ ಮತ್ತು ಇಲಾಖೆಯ ಪತ್ರ ಎರಡೂ ಇರಬೇಕು. ಹಾಗೆ ಕೈಗೆ ಬಂದ ಮೇಲೆ ಎರಡು ವರ್ಷ ಮಾರುವಂತಿಲ್ಲ. ಈ ಎರಡು ವರ್ಷ ಯಾವ ದಿನದಿಂದ ಲೆಕ್ಕ ಅನ್ನುವುದನ್ನು ಪತ್ರಿಕಾ ಪ್ರಕಟಣೆಯಿಂದ ತೆಗೆದುಕೊಳ್ಳಬೇಡಿ, ಹಂಚಿಕೆ ಪತ್ರದಿಂದ ತೆಗೆದುಕೊಳ್ಳಿ.

800 ಮೆಗಾಹರ್ಟ್ಸ್‌ನಲ್ಲಿ ಕರ್ನಾಟಕದವರು ಗಮನಿಸಬೇಕಾದ ಒಂದು ಗಂಟಿದೆ. 2013ರ ಮಾರ್ಚ್ ಹರಾಜಿನಲ್ಲಿ ಆ ಬ್ಯಾಂಡ್‌ಗೆ (ತರಂಗಾಂತರಗಳ ಆ ಗುಂಪಿಗೆ) ಬಂದ ಏಕೈಕ ಕಂಪನಿ, ಎಂಟಿಎಸ್ ಹೆಸರಿನಲ್ಲಿ ಸೇವೆ ಕೊಡುತ್ತಿದ್ದ ಸಿಸ್ಟೆಮಾ. ಅದು ಗೆದ್ದ ಎಂಟು ಸರ್ಕಲ್‌ಗಳಲ್ಲಿ ನಮ್ಮದೂ ಒಂದು. ಆ ಹರಾಜಿನ ಸ್ಪೆಕ್ಟ್ರಂ ಮಾರಬೇಕಾದರೆ, ಇತ್ತೀಚಿನ ಹರಾಜು ಬೆಲೆಗೂ ಆಗಿನ ಬೆಲೆಗೂ ಇರುವ ವ್ಯತ್ಯಾಸವನ್ನು ಉಳಿದ ಅವಧಿಗೆ ತಕ್ಕಂತೆ ಕಟ್ಟಬೇಕು ಎಂದು 2015ರ ಮಾರ್ಗಸೂಚಿ ಹೇಳುತ್ತದೆ. ಸಿಸ್ಟೆಮಾದ ವ್ಯವಹಾರ 2017ರಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿತು, ರಿಲಯನ್ಸ್ ಕಮ್ಯುನಿಕೇಷನ್ಸ್ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಒಂದೇ ಬ್ಲಾಕ್ ಎಷ್ಟು ಮನೆ ದಾಟಿರಬಹುದು ನೋಡ್ರಿ. ಕಾಗದದಲ್ಲಿ ಮೊದಲ ಮಾಲೀಕನವರೆಗೂ ಹಿಂದಕ್ಕೆ ಹೋಗಿ.

ಆಮೇಲೆ ಅವಧಿ. ಮಾರಾಟದಿಂದ ಅವಧಿ ಒಂದು ದಿನವೂ ಹೆಚ್ಚುವುದಿಲ್ಲ. 2010ರ 3ಜಿ ಹರಾಜಿನ 2100 ಮೆಗಾಹರ್ಟ್ಸ್ ಅನ್ನು ಆ ವರ್ಷದ ಸೆಪ್ಟೆಂಬರ್ 1ರಿಂದ 20 ವರ್ಷಕ್ಕೆ ಕೊಟ್ಟದ್ದು. 2030ರ ಆಗಸ್ಟ್ ಕೊನೆಗೆ ಅದು ಮುಗಿಯುತ್ತದೆ. 2022ರ ಹರಾಜಿನದಾದರೆ 2042ರವರೆಗೂ ಇದೆ. ಒಂದೇ ಬ್ಯಾಂಡ್‌ನ ಎರಡು ಬ್ಲಾಕ್‌ಗಳ ಬೆಲೆ ಹೋಲಿಸುವಾಗ ಉಳಿದ ವರ್ಷಕ್ಕೆ, ಪ್ರತಿ ಮೆಗಾಹರ್ಟ್ಸ್‌ಗೆ ಎಷ್ಟು ಎಂದು ಇಳಿಸಿಕೊಳ್ಳದೆ ಮಾತಾಡುವವರ ಜೊತೆ ಚರ್ಚೆಗೆ ಕೂರಬೇಡಿ.

ಬಾಕಿ: ಇಲ್ಲಿ ಸಮಯ ಕೊಡಿ

ಹೊನ್ನಾಳಿ ಕಡೆ ಎರಡು ಎಕರೆ ಕೊಳ್ಳುವವನೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಇ.ಸಿ. ತೆಗೆಸುತ್ತಾನೆ. ಸ್ಪೆಕ್ಟ್ರಂಗೆ ಇ.ಸಿ. ಕೊಡುವ ಕಚೇರಿ ಇಲ್ಲ. ಆ ಋಣಭಾರ ಪತ್ರವನ್ನು ನೀವೇ ಮೂರು ನಾಲ್ಕು ಕಡೆಯಿಂದ ಜೋಡಿಸಿಕೊಳ್ಳಬೇಕು, ಏಕೆಂದರೆ ಮಾರ್ಗಸೂಚಿಯ ಬಾಕಿಯ ಷರತ್ತು ಕೊಳ್ಳುವವನ ಕೊರಳಿಗೂ ಬರುತ್ತದೆ. ಮಾರುವವನು ಒಪ್ಪಂದಕ್ಕೆ ಮುಂಚೆ ತನ್ನ ಬಾಕಿ ತೀರಿಸಬೇಕು. ಹಸ್ತಾಂತರದ ದಿನದವರೆಗಿನ ಬಾಕಿ ಆಮೇಲೆ ಉಳಿದರೆ ಕೊಂಡವನ ಹೊಣೆ. ಆ ದಿನ ಇಬ್ಬರಿಗೂ ಗೊತ್ತಿಲ್ಲದ ಬಾಕಿ ಮುಂದೆ ಎದ್ದರೆ, ಸರ್ಕಾರ ಅದನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ, ಒಟ್ಟಾಗಿ ಅಥವಾ ಬೇರೆ ಬೇರೆಯಾಗಿ ವಸೂಲಿ ಮಾಡಬಹುದು.

ಇದು ಬರೀ ಕಾಗದದ ಹೆದರಿಕೆಯಲ್ಲ. 2017ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ತನ್ನ ಸ್ಪೆಕ್ಟ್ರಂ, ಟವರ್, ಫೈಬರ್ ಎಲ್ಲವನ್ನೂ ಜಿಯೋಗೆ ಮಾರುವ ಒಪ್ಪಂದ ಮಾಡಿತು. ಹಿಂದಿನ ಬಾಕಿ ತಾನು ಹೊರುವುದಿಲ್ಲ ಎಂದು ಜಿಯೋ ಇಲಾಖೆಗೆ ಬರೆಯಿತು. 2018ರ ಡಿಸೆಂಬರ್‌ನಲ್ಲಿ ಇಲಾಖೆ ಒಪ್ಪಿಗೆ ನಿರಾಕರಿಸಿತು. 2019ರ ಮಾರ್ಚ್‌ನಲ್ಲಿ ಒಪ್ಪಂದವೇ ಮುರಿಯಿತು. ಅದೇ ವರ್ಷ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಎಜಿಆರ್ (ಲೈಸೆನ್ಸ್ ಶುಲ್ಕದ ಲೆಕ್ಕಕ್ಕೆ ಹಿಡಿಯುವ ಕಂಪನಿಯ ಆದಾಯ) ತೀರ್ಪು ಕೊಟ್ಟಿತು: ಟೆಲಿಕಾಂ ಅಲ್ಲದ ಆದಾಯವೂ ಲೆಕ್ಕಕ್ಕೆ ಸೇರುತ್ತದೆ, ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ ಎಲ್ಲ ಕಟ್ಟಬೇಕು. ವೊಡಾಫೋನ್ ಐಡಿಯಾ ಒಂದರ ಮೇಲೇ ಇಲಾಖೆ ಹಾಕಿದ ಲೆಕ್ಕ 58 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅಷ್ಟು ವರ್ಷ ಕಂಪನಿಗಳ ಪುಸ್ತಕದಲ್ಲಿ ‘ವಿವಾದಿತ’ ಅನ್ನುವ ಒಂದು ಸಾಲಿನಲ್ಲಿ ಮಲಗಿದ್ದ ಮೊತ್ತ ಅದು.

ಹಾಗಾಗಿ ‘ನೋ ಡ್ಯೂಸ್’ ಪತ್ರ ಒಂದೇ ಸಾಕು ಅನ್ನಬೇಡಿ. ವರ್ಷವಾರು ಪಟ್ಟಿ ಕೇಳಿ. ಎಡಕ್ಕೆ ಆರ್ಥಿಕ ವರ್ಷ. ಪಕ್ಕಕ್ಕೆ ಲೈಸೆನ್ಸ್ ಶುಲ್ಕ, ಸ್ಪೆಕ್ಟ್ರಂ ಬಳಕೆ ಶುಲ್ಕ, ಹರಾಜಿನ ಕಂತು, ಒಂದಾವರ್ತಿ (ಒಂದೇ ಸಲ ಕಟ್ಟುವ) ಸ್ಪೆಕ್ಟ್ರಂ ಶುಲ್ಕ, ಗ್ರಾಹಕರ ಅರ್ಜಿ ಪರಿಶೀಲನೆಯ ದಂಡ, ಟವರ್ ಹಾಕದ ದಂಡ. ಪ್ರತಿಯೊಂದಕ್ಕೂ ಡಿಮ್ಯಾಂಡ್ ಪತ್ರದ ಸಂಖ್ಯೆ, ಕಟ್ಟಿದ್ದು, ವಿವಾದದಲ್ಲಿರುವುದು, ತಡೆಯಾಜ್ಞೆ ಇದ್ದರೆ ಯಾವ ನ್ಯಾಯಾಲಯ. ಅಂತಿಮ ಅಸೆಸ್‌ಮೆಂಟ್ (ಇಲಾಖೆಯ ಕೊನೆಯ ಲೆಕ್ಕ ನಿಗದಿ) ಆಗದ ವರ್ಷಗಳಿಗೆ ಬೇರೆ ಬಣ್ಣ ಹಚ್ಚಿ. ಕಾಟ ಕೊಡುವುದು ಆ ವರ್ಷಗಳೇ. ಕಟ್ಟಿದ ಮೊತ್ತವನ್ನು ದೂರಸಂಪರ್ಕ ಇಲಾಖೆಯ ಸಂವಹನ ಲೆಕ್ಕ ನಿಯಂತ್ರಕರ (ಸಿಸಿಎ) ಕಚೇರಿಯ ದಾಖಲೆ ಜೊತೆ ತಾಳೆ ನೋಡಿ.

ಆಮೇಲೆ ಒಂದು ಸಣ್ಣ ಕೆಲಸ ಮಾಡಿ, ಹೆಚ್ಚಿನವರು ಮಾಡುವುದಿಲ್ಲ. ಮಾರುವ ಕಂಪನಿಯ ಕಳೆದ ಕೆಲವು ವರ್ಷಗಳ ವಾರ್ಷಿಕ ವರದಿ ತೆಗೆದು ‘ಸಂಭಾವ್ಯ ಹೊಣೆಗಳು’ ಟಿಪ್ಪಣಿಯ ಪ್ರತಿ ಸಾಲಿಗೂ ಡೇಟಾ ರೂಮಿನ (ಮಾರುವವನು ಕಡತ ತೋರಿಸಲು ಇಟ್ಟ ಸಂಗ್ರಹ) ಬಾಕಿ ಪಟ್ಟಿಯಲ್ಲಿ ಜೋಡಿ ಹುಡುಕಿ. ನಾನು ನೋಡಿದ ಒಂದು ಕಡತದಲ್ಲಿ, ಹೆಸರು ಬೇಡ, ಪಟ್ಟಿ ಅಚ್ಚುಕಟ್ಟಾಗಿತ್ತು, ಪ್ರತಿ ಪುಟಕ್ಕೂ ಸಹಿ, ಸೀಲು. ಆದರೆ ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಒಂದಾವರ್ತಿ ಶುಲ್ಕದ ಒಂದು ಸಾಲು, ‘ವಿಷಯ ನ್ಯಾಯಾಲಯದಲ್ಲಿದೆ’ ಎಂಬ ಮಾತಿನ ಜೊತೆ. ಪಟ್ಟಿಯಲ್ಲಿ ಆ ಸಾಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: ‘ಅದು ಬಾಕಿಯಲ್ಲ, ವಿವಾದ.’ ಅದೇ ಕಂಪನಿಯ ಆಡಿಟರ್‌ಗೆ ಅದು ಹೊಣೆ, ಮಾರಾಟ ವಿಭಾಗಕ್ಕೆ ಅಲ್ಲ! ಇಂಥ ಕಡೆ ವಾದ ಮಾಡಬೇಡಿ. ಆ ಮೊತ್ತವನ್ನು ಬಡ್ಡಿ ಸಮೇತ ಲೆಕ್ಕ ಹಾಕಿ ಬೆಲೆಯಿಂದ ತಡೆಹಿಡಿಯುವ ಸಾಲಿಗೆ ಬರೆದುಬಿಡಿ.

ಹರಾಜಿನ ಕಂತು ಉಳಿದಿದ್ದರೆ ಅದು ಬೆಲೆಯ ಭಾಗವೇ. 2021ರಲ್ಲಿ ಏರ್‌ಟೆಲ್ ಆಂಧ್ರ, ದೆಹಲಿ, ಮುಂಬೈ ಸರ್ಕಲ್‌ಗಳ 800 ಮೆಗಾಹರ್ಟ್ಸ್ ಅನ್ನು ಜಿಯೋಗೆ ಕೊಡುವ ಒಪ್ಪಂದ ಪ್ರಕಟಿಸಿದಾಗ ಕೈಗೆ ಬರಬೇಕಿದ್ದದ್ದು 1,037.6 ಕೋಟಿ, ಜಿಯೋ ಮುಂದೆ ಹೊರಬೇಕಿದ್ದ ಕಂತಿನ ಹೊಣೆ ಸುಮಾರು 459 ಕೋಟಿ. ಬರೀ ಮೊದಲ ಅಂಕಿ ಹಿಡಿದು ‘ಪ್ರತಿ ಮೆಗಾಹರ್ಟ್ಸ್‌ಗೆ ಇಷ್ಟು’ ಎಂದು ಹೋಲಿಕೆ ಕೋಷ್ಟಕ ಮಾಡಿದರೆ ಕೋಷ್ಟಕವೇ ಸುಳ್ಳಾಗುತ್ತದೆ.

ಬ್ಯಾಂಕಿನ ಕೈ ಎಲ್ಲಿದೆ

ಟೆಲಿಕಾಂ ಸಾಲಗಳಲ್ಲಿ ಇಲಾಖೆ, ಕಂಪನಿ, ಬ್ಯಾಂಕು ಮೂವರ ನಡುವೆ ತ್ರಿಪಕ್ಷೀಯ ಒಪ್ಪಂದ ಇರುವುದುಂಟು. ಅದರ ಪ್ರತಿ ಕೇಳಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ಮೇಲಿನ ಚಾರ್ಜ್‌ಗಳ (ಸಾಲಕ್ಕೆ ಆಸ್ತಿ ಮೇಲೆ ಬ್ಯಾಂಕಿಗಿರುವ ಹಕ್ಕು) ಪಟ್ಟಿ ಸಿಗುತ್ತದೆ. ತೆರೆದಿರುವ ಪ್ರತಿ ಚಾರ್ಜ್‌ನ ಅಡಮಾನ ಪತ್ರ ಓದಿ, ಅದರಲ್ಲಿ ಲೈಸೆನ್ಸ್ ಅಥವಾ ಸ್ಪೆಕ್ಟ್ರಂ ಹಕ್ಕಿನ ಮಾತಿದೆಯೋ ನೋಡಿ. ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು, ಮತ್ತು ದುಡ್ಡು ಸಂದಾಯವಾದ ದಿನವೇ ಚಾರ್ಜ್ ತೆಗೆಸುವ ಕರಾರು ಬೇಕು.

ದಿವಾಳಿ ಪ್ರಕ್ರಿಯೆಯಲ್ಲಿರುವ ಕಂಪನಿಯಿಂದ ಕೊಳ್ಳುವುದಾದರೆ ಹೆಚ್ಚಿನ ವಕೀಲರು ಬೇಕು, ಅಷ್ಟೇ ಹೇಳುತ್ತೇನೆ. ಏರ್‌ಸೆಲ್ ಪ್ರಕರಣದಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2021ರ ಏಪ್ರಿಲ್‌ನಲ್ಲಿ ಸ್ಪೆಕ್ಟ್ರಂ ಅಮೂರ್ತ ಆಸ್ತಿ ಹೌದು, ಆದರೆ ಸರ್ಕಾರದ ಬಾಕಿ ತೀರಿಸದೆ ಬಳಸುವಂತಿಲ್ಲ ಎಂದಿತು. ನ್ಯಾಯಾಲಯದಲ್ಲಿ ಸ್ಪೆಕ್ಟ್ರಂ ಬಗ್ಗೆ ಯಾವುದೇ ವ್ಯಾಜ್ಯ ಬಾಕಿ ಇದ್ದರೂ, ಇಲಾಖೆಯ ಹಿತ ಭದ್ರವಾದ ಮೇಲೆಯೇ ಹಸ್ತಾಂತರ.

ಮಿತಿ

ಒಂದು ಕಂಪನಿ ಒಂದು ಸರ್ಕಲ್‌ನಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. 2022ರ ಹರಾಜಿನಲ್ಲಿ ಅದನ್ನು ಬ್ಯಾಂಡ್ ಗುಂಪುಗಳಾಗಿ ಮಾಡಿ ಶೇ. 40 ಎಂದರು: 1 ಗಿಗಾಹರ್ಟ್ಸ್ ಕೆಳಗಿನವು ಒಂದು ಗುಂಪು, 1800, 2100, 2300, 2500 ಮೆಗಾಹರ್ಟ್ಸ್ ಇನ್ನೊಂದು, 3300 ಬೇರೆ, 26 ಗಿಗಾಹರ್ಟ್ಸ್ ಬೇರೆ. ಉದಾಹರಣೆಗೆ ಗುಂಪಿನ ಒಟ್ಟು 100 ಆದರೆ ಮಿತಿ 40. ಕೊಳ್ಳುವವನ ಬಳಿ 34 ಇದ್ದು 10 ಕೊಳ್ಳಲು ಹೊರಟರೆ ಕಥೆ ಅಲ್ಲಿಗೇ ನಿಂತಿತು. ಯಾವ ಒಟ್ಟು ಹಿಡಿದಿದ್ದೀರಿ ಅನ್ನುವುದನ್ನು ಅಡಿಟಿಪ್ಪಣಿಯಲ್ಲಿ ಬರೆಯಿರಿ, ಹೊಸ ಹರಾಜು ಬಂದಾಗ ಅದು ಬದಲಾಗುತ್ತದೆ.

ಊರಿಗೆ ಇಳಿದು ಅಳೆಯುವುದು

ಕಾಗದ ಸರಿ ಇದೆ ಅಂದಮೇಲೂ ನಾನು ಕಾರು ಹತ್ತದೆ ವರದಿಗೆ ಸಹಿ ಹಾಕುವುದಿಲ್ಲ. ಇಡೀ ಕರ್ನಾಟಕ ಅಳೆಯಲು ಆಗದು. ಮಾದರಿಗೆ ಕೆಲವು ಹಾದಿ ಆರಿಸಿಕೊಳ್ಳುತ್ತೇವೆ. ದಾವಣಗೆರೆಯಿಂದ ಆನಗೋಡು, ಭರಮಸಾಗರ ಹಾದು ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಹಾದಿ ನನ್ನ ಮೆಚ್ಚಿನದು. ಊರಿನ ಅಭಿಮಾನ ಇರಬಹುದು, ಆದರೆ ಕಾರಣವೂ ಇದೆ: ಒಂದು ತುದಿಗೆ ದಟ್ಟ ಪೇಟೆ, ನಡುವೆ ಬಯಲು, ಇನ್ನೊಂದು ತುದಿಗೆ ಬಂಡೆ. ಚಿತ್ರದುರ್ಗದ ಕೋಟೆ ಬೆಟ್ಟದ ಹಿಂದೆ 1800, 2300ರಂಥ ಮೇಲಿನ ಬ್ಯಾಂಡ್‌ಗಳು ಹೇಗೆ ಸಾಯುತ್ತವೆ, 800 ಹೇಗೆ ಬಂಡೆ ಸುತ್ತಿ ಸ್ವಲ್ಪವಾದರೂ ಉಳಿಯುತ್ತದೆ ಎಂಬುದು ಅಲ್ಲಿ ಅರ್ಧ ದಿನದಲ್ಲಿ ಕಾಣುತ್ತದೆ.

ಬ್ಯಾಂಡ್ ಯಾವುದು ಎಂಬುದರ ಮೇಲೆ ಅಳತೆಯ ಅರ್ಥ ಬದಲಾಗುತ್ತದೆ. 2022ರಲ್ಲಿ 212 ಕೋಟಿಗೆ ಅದಾನಿ ಡೇಟಾ ನೆಟ್‌ವರ್ಕ್ಸ್ ಕೊಂಡಿದ್ದ 26 ಗಿಗಾಹರ್ಟ್ಸ್ ಬ್ಯಾಂಡ್‌ನ 400 ಮೆಗಾಹರ್ಟ್ಸ್ ಅನ್ನು ಕೊಳ್ಳುವ ಒಪ್ಪಂದವನ್ನು 2025ರ ಏಪ್ರಿಲ್‌ನಲ್ಲಿ ಏರ್‌ಟೆಲ್ ಪ್ರಕಟಿಸಿತು. ಅದರಲ್ಲಿ ಕರ್ನಾಟಕದ ಪಾಲು 50. ಆ ಬ್ಯಾಂಡ್ ಒಂದು ಕಂಬದಿಂದ ಕೆಲವು ನೂರು ಮೀಟರ್ ಹೋದರೆ ಹೆಚ್ಚು, ಗೋಡೆ ಅಡ್ಡ ಬಂದರೆ ಅದೂ ಇಲ್ಲ. ಭರಮಸಾಗರದ ಹೊಲದಲ್ಲಿ ಅದನ್ನು ಅಳೆಯುವುದು ಡೀಸೆಲ್ ದಂಡ. ದಾವಣಗೆರೆಯ ಪಿ.ಜೆ. ಬಡಾವಣೆಯಂಥ ಕಡೆ ಮನೆಗೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೊಡಲು ಮಾತ್ರ ಅದರ ಲೆಕ್ಕ ಹಾಕಿ.

ಕೆಳಗಿನ ಬ್ಯಾಂಡ್‌ಗಳಲ್ಲಿ ನಾನು ಹುಡುಕುವುದು ಅಪ್‌ಲಿಂಕ್ ಗದ್ದಲ, ಅಂದರೆ ಫೋನಿನಿಂದ ಟವರ್‌ಗೆ ಹೋಗುವ ದಾರಿಯಲ್ಲಿ ಸೇರುವ ಬೇಡದ ಸಂಕೇತ. ಲೆಕ್ಕ ಸರಳ: ಪ್ರಕೃತಿಯ ಗದ್ದಲ ಒಂದು ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ (ಸಂಕೇತದ ಬಲ ಅಳೆಯುವ ಮಾನ). 5 ಮೆಗಾಹರ್ಟ್ಸ್ ಅಗಲಕ್ಕೆ ಅದು ಮೈನಸ್ 107 ಆಗುತ್ತದೆ. ರಿಸೀವರ್‌ನ ಸ್ವಂತ ಗದ್ದಲ 3ರಿಂದ 5 ಡಿಬಿ ಸೇರಿಸಿದರೆ ಮೈನಸ್ 102ರಿಂದ 104. ಖಾಲಿ ಬ್ಲಾಕ್‌ನಲ್ಲಿ ಇದಕ್ಕಿಂತ ತುಂಬಾ ಮೇಲೆ ಕಂಡರೆ ಯಾರೋ ಒಳಗಿದ್ದಾರೆ ಎಂದೇ ಅರ್ಥ. ಕೈಯಲ್ಲಿ ಹಿಡಿಯುವ ಅನಲೈಸರ್ (ತರಂಗ ಅಳೆಯುವ ಯಂತ್ರ) ಬಳಸುವವರು ಪ್ರೀಆಂಪ್ (ದುರ್ಬಲ ಸಂಕೇತವನ್ನು ಮೊದಲೇ ಬಲಪಡಿಸುವ ಭಾಗ) ಹಾಕಿಕೊಳ್ಳಿ. ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಯಂತ್ರದ್ದೇ ಗದ್ದಲ. ಗದ್ದಲ 6 ಡಿಬಿ ಏರಿದರೆ ಏನಾಯಿತು ಎಂದು ಕೇಳುವ ಹಣಕಾಸಿನವರಿಗೆ ಹೀಗೆ ಹೇಳಿ: ಬಯಲಿನಲ್ಲಿ ಒಂದು ಟವರ್ ತಲುಪುವ ತ್ರಿಜ್ಯ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ, ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ. ಅಂದರೆ ಅಷ್ಟೇ ಹಳ್ಳಿಗೆ ಎರಡರಷ್ಟು ಟವರ್. ಆಗ ಅವರ ಪೆನ್ನು ನಿಲ್ಲುತ್ತದೆ.

ಈ ಗದ್ದಲ ಪೇಟೆಯಲ್ಲಿ ಬಹಳ ಸಲ ಬರುವುದು ಅಕ್ರಮ ಬೂಸ್ಟರ್‌ಗಳಿಂದ. ದಾವಣಗೆರೆಯ ಮಂಡಿಪೇಟೆಯಂಥ ಕಡೆ ನೆಲಮಾಳಿಗೆಯ ಅಂಗಡಿಗೆ ಸಿಗ್ನಲ್ ಬರಲಿ ಎಂದು ಯಾರೋ ತಂದು ಹಾಕಿದ ಪೆಟ್ಟಿಗೆ ಪಕ್ಕದ ಬ್ಲಾಕ್‌ಗಳಲ್ಲೂ ಗದ್ದಲ ಎಬ್ಬಿಸುತ್ತದೆ. ಅಂಗಡಿ ಮುಚ್ಚಿದ ಮೇಲೆ ಒಮ್ಮೆ, ವ್ಯಾಪಾರದ ಹೊತ್ತಿನಲ್ಲಿ ಒಮ್ಮೆ ಅಳೆದರೆ ವ್ಯತ್ಯಾಸ ಕಾಣುತ್ತದೆ. ದಿಕ್ಕಿನ ಆಂಟೆನಾ ಹಿಡಿದು ಮೂಲ ಹುಡುಕಿ, ಫೋಟೋ, ಸಮಯ, ಜಿಪಿಎಸ್ ಬರೆದುಕೊಳ್ಳಿ. ಪೆಟ್ಟಿಗೆ ತೆಗೆಸುವುದು ನಿಮ್ಮ ಕೆಲಸವಲ್ಲ. ತರಂಗಾಂತರಗಳ ಮೇಲೆ ಕಣ್ಣಿಡುವ ಸರ್ಕಾರದ ವೈರ್‌ಲೆಸ್ ಮಾನಿಟರಿಂಗ್‌ನವರಿಗೆ ಮಾರುವವನು ದೂರು ಕೊಟ್ಟಿದ್ದಾನೆಯೇ ಎಂದು ಕೇಳುವುದು ನಿಮ್ಮ ಕೆಲಸ. ಚಾಲ್ತಿಯಲ್ಲಿರುವ ಬ್ಲಾಕ್ ಆದರೆ ಅಳೆದು ಪ್ರಯೋಜನ ಕಡಿಮೆ, ಗ್ರಾಹಕರ ಫೋನುಗಳೇ ತುಂಬಿರುತ್ತವೆ. ಆಗ ಸೆಲ್‌ವಾರು ಗದ್ದಲದ ಲಾಗ್ ಕೇಳಿ, ಅದೂ ನಸುಕಿನ ಮೂರು ಗಂಟೆಯದು.

ಮೊಳಕಾಲ್ಮೂರು ಕಡೆಗೂ ಒಂದು ಸುತ್ತು ಹಾಕಿ. ಅಲ್ಲಿಂದ ಆಚೆಗೆ ರಾಯದುರ್ಗ, ಆಂಧ್ರ ಸರ್ಕಲ್. ಅದೇ ತರಂಗಾಂತರ ಆಚೆ ಬೇರೊಬ್ಬನ ಕೈಯಲ್ಲಿರಬಹುದು, ಅವನ ಟವರ್ ಗಡಿ ನೋಡಿ ನಿಲ್ಲುವುದಿಲ್ಲ. ಗಡಿ ಟವರ್‌ಗಳ ಬಗ್ಗೆ ಇಬ್ಬರ ನಡುವೆ ಹೊಂದಾಣಿಕೆಯ ಪತ್ರ ಇದೆಯೇ ಕೇಳಿ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿದೆ. ಅಂಥ ಜಾಗಗಳ ಸುತ್ತ ಟವರ್ ಹಾಕಲು, ಪವರ್ ಏರಿಸಲು ಷರತ್ತು ಇದೆಯೋ ಇಲ್ಲವೋ ಎಂದು ಮಾರುವವನಿಂದ ಲಿಖಿತವಾಗಿ ಪಡೆಯಿರಿ.

ಕ್ಷೇತ್ರಕ್ಕೆ ಹೋಗುವಾಗ ಲೈಸೆನ್ಸ್ ಹೊಂದಿದ ಕಂಪನಿಯ ಪತ್ರ ಕೈಯಲ್ಲಿರಲಿ. ಆಂಟೆನಾ ಹಿಡಿದು ಓಡಾಡುವವರನ್ನು ಊರಿನವರು ಸುಮ್ಮನೆ ಬಿಡುವುದಿಲ್ಲ.

ಇನ್ನು ಬ್ಲಾಕ್ ಅಖಂಡವಾಗಿದೆಯೋ ತುಂಡುತುಂಡೋ. 1800ರಲ್ಲಿ 200 ಕಿಲೋಹರ್ಟ್ಸ್ ಲೆಕ್ಕದ ಚೂರುಗಳು ಅಲ್ಲಲ್ಲಿ ಚದುರಿದ್ದರೆ ಒಟ್ಟು 5 ಮೆಗಾಹರ್ಟ್ಸ್ ಇದ್ದರೂ 4ಜಿಯ ಒಂದು ಕ್ಯಾರಿಯರ್ (ಸೇವೆ ಸಾಗಿಸುವ ಅಖಂಡ ತರಂಗದ ತುಂಡು) ನಿಲ್ಲುವುದಿಲ್ಲ. ಕೊಳ್ಳುವವನ ಈಗಿನ ಬ್ಲಾಕ್ ಪಕ್ಕದಲ್ಲೇ ಬಂದು ಕೂಡುತ್ತದೆಯೇ ಎಂಬುದು ಬೆಲೆಯನ್ನು ಮೇಲಕ್ಕೆ ಒಯ್ಯುತ್ತದೆ. ಟವರ್ ಹಾಕುವ ಹೊಣೆ ಕೂಡ ಸ್ಪೆಕ್ಟ್ರಂ ಜೊತೆಗೇ ಬರುತ್ತದೆ. ಹರಾಜಿನ ದಾಖಲೆಯಲ್ಲಿರುವ ಗಡುವು, ಪರೀಕ್ಷೆ ಪಾಸಾದ ಪ್ರಮಾಣಪತ್ರ ಎರಡನ್ನೂ ಕೇಳಿ.

ಕರಾರು

ಹಸ್ತಾಂತರಕ್ಕೆ ಕನಿಷ್ಠ 45 ದಿನ ಮುಂಚೆ ಇಬ್ಬರೂ ಇಲಾಖೆಗೆ ತಿಳಿಸಬೇಕು. ಒಪ್ಪಂದದ ಮೊತ್ತದ ಅಥವಾ ನಿಗದಿತ ಮಾರುಕಟ್ಟೆ ಬೆಲೆಯ ಶೇ. 1, ಯಾವುದು ಹೆಚ್ಚೋ ಅದು, ಸರ್ಕಾರಕ್ಕೆ ವರ್ಗಾವಣೆ ಶುಲ್ಕ. 1,000 ಕೋಟಿಗೆ ಕೊಂಡ ಬ್ಲಾಕ್‌ನ ಮಾರುಕಟ್ಟೆ ಬೆಲೆ 1,400 ಕೋಟಿ ಆಗಿದ್ದರೆ ಶುಲ್ಕ 14 ಕೋಟಿ, 10 ಅಲ್ಲ. ಈ ದುಡ್ಡು ವಾಪಸ್ ಬರುವುದಿಲ್ಲ, ಯಾರ ಕಿಸೆಯಿಂದ ಎಂದು ಮೊದಲೇ ಬರೆದುಕೊಳ್ಳಿ.

ಸಹಿಯಾದ ಒಪ್ಪಂದವೆಲ್ಲ ಮುಗಿಯುವುದಿಲ್ಲ. 2015ರ ನವೆಂಬರ್‌ನಲ್ಲಿ ಐಡಿಯಾ ಎರಡು ಸರ್ಕಲ್‌ಗಳ ವಿಡಿಯೋಕಾನ್ ಸ್ಪೆಕ್ಟ್ರಂ ಅನ್ನು 3,310 ಕೋಟಿಗೆ ಕೊಳ್ಳುತ್ತೇನೆ ಎಂದಿತ್ತು. ಅದು ಬಿದ್ದುಹೋಗಿ, ಮರುವರ್ಷ ಮಾರ್ಚ್‌ನಲ್ಲಿ ಆ ಎರಡೂ ಸೇರಿ ಆರು ಸರ್ಕಲ್‌ಗಳದ್ದನ್ನು ಏರ್‌ಟೆಲ್ 4,428 ಕೋಟಿಗೆ ಹಿಡಿಯಿತು. ಹಾಗಾಗಿ ಕೊನೆಯ ದಿನಾಂಕ, ಆ ದಿನ ದಾಟಿದರೆ ಯಾರಿಗೆ ಏನು ವಾಪಸ್ ಎಂಬ ಕಲಂ ಕಡ್ಡಾಯ.

ನಷ್ಟ ಭರ್ತಿಯ ಭರವಸೆಗೆ (ಹಿಂದಿನ ಬಾಕಿ ಎದ್ದರೆ ಮಾರುವವನು ತುಂಬಿಕೊಡುವ ಮಾತು) ಎರಡು ಮೂರು ವರ್ಷದ ಅವಧಿ ಬರೆಯುವುದು ಉಳಿದ ವ್ಯಾಪಾರಗಳಲ್ಲಿ ರೂಢಿ. ಇಲ್ಲಿ ಅದು ಸಾಲದು; ಎಜಿಆರ್ ಜಗಳ ತೀರ್ಪಿಗೆ ಬರಲು ಒಂದೂವರೆ ದಶಕದ ಆಚೀಚೆ ಹಿಡಿಯಿತು. ಸ್ಪೆಕ್ಟ್ರಂ ಮಾರಿ ಖಾಲಿಯಾದ ಕಂಪನಿಯ ಭರವಸೆಗೂ ಬೆಲೆಯಿಲ್ಲ. ಅದರ ಮಾತೃ ಕಂಪನಿಯ ಗ್ಯಾರಂಟಿ ಕೇಳಿ, ಸಿಗದಿದ್ದರೆ ಬೆಲೆಯ ಒಂದು ಭಾಗವನ್ನು ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಕೈಯ ಖಾತೆಯಲ್ಲಿ, ಇಡಿಸಿ. ಎಷ್ಟು ಇಡಬೇಕು ಎಂಬುದಕ್ಕೆ ಸೂತ್ರ ಹುಡುಕಬೇಡಿ: ಬಾಕಿ ಪಟ್ಟಿಯಲ್ಲಿ ಬಣ್ಣ ಹಚ್ಚಿದ ವರ್ಷಗಳ ಮೊತ್ತ, ಅದರ ಬಡ್ಡಿ, ಅದರ ದಂಡ. ಒಂದೊಂದು ವರ್ಷದ ಅಂತಿಮ ಅಸೆಸ್‌ಮೆಂಟ್ ಪತ್ರ ಬಂದಂತೆ ಆ ವರ್ಷದ ಪಾಲು ಬಿಡುಗಡೆ ಎಂದು ಬರೆಯಿರಿ. ಪತ್ರ ತರುವ ಹೊಣೆ ಮಾರುವವನ ಮೇಲಿರಲಿ.